ಒನಕೆ ಮುರಿಯದ ಮೂಗು

ಹುಣಸೂರು
೧೪-೨-೧೯೩೮

ರಾವಂದೂರಿನ ಪುಟ್ಟತಾಯಕ್ಕನಿಗೆ ತಮ್ಮ ನಿಂಗರಾಜು ಮಾಡುವ ನಮಸ್ಕಾರ.

ಅಕ್ಕ, ನನ್ನ ಮೂಗು ಮುರಿದದ್ದು ನಿನ್ನ ಒನಕೆಯಿಂದಲ್ಲ. ಒಂಬತ್ತು ವರ್ಷ ಇದನ್ನು ಬಚ್ಚಿಟ್ಟಿದ್ದೆ. ಒನಕೆ ತಗುಲಿದ ಹಿಂದಿನ ದಿನವೇ ಹುಣಸೆಮರದಿಂದ ಬಿದ್ದು ಬೇರಿಗೆ ಮುಖ ಬಡಿದುಕೊಂಡಿದ್ದೆ. ಕಾಲುವೆಯಲ್ಲಿ ರಕ್ತ ತೊಳೆದುಕೊಂಡು ಸುಮ್ಮನೆ ಮನೆಗೆ ಬಂದೆ. ಮರುದಿನ ನೀನು ಭತ್ತ ಕುಟ್ಟುವಾಗ ಒನಕೆ ಮೂಗಿಗೆ ಸವರಿತಷ್ಟೆ, ಮತ್ತೆ ರಕ್ತ ಸುರಿಯಿತು. ನೀನು ಅತ್ತು, ನಿನ್ನ ಪಾಲಿನ ಬೆಲ್ಲವನ್ನೂ ಕೊಟ್ಟೆ. ನಾನು ತಿಂದೆ. ಅಂದಿನಿಂದ ನೀನು ಗಂಡನ ಮನೆಯಲ್ಲೂ ಒನಕೆ ಮುಟ್ಟಿಲ್ಲ. ಹಗಲೂ ರಾತ್ರಿ ಬಾಯಿ ಬಿಟ್ಟುಕೊಂಡೇ ಉಸಿರಾಡುವ ನಾನು ಈ ಒಂದು ವಿಷಯಕ್ಕೆ ಬಾಯಿ ಬಿಡಲಿಲ್ಲ.

ಮೊನ್ನೆ ಮಂಟಯ್ಯ ಭಾವ ನನ್ನನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು ನೋಡಿ, ದಾರಿ ಎರಡಿವೆ ಎಂದರು. ಒಳಗೆ ಊದಿದ ಮಾಂಸವನ್ನು ಕಾದ ತಂತಿಯಿಂದ ಸುಡುವುದು ಒಂದು. ಅದೇ ದಿನ ಮನೆಗೆ ಬರಬಹುದು. ಇನ್ನೊಂದು, ನಡುವಿನ ಸೊಟ್ಟ ಎಲುಬನ್ನು ಒಳಗಿಂದಲೇ ಕೊಯ್ದು ತೆಗೆಯುವುದು. ಎಚ್ಚರವಿರುವಾಗಲೇ ಮೂಗು ಮರಗಟ್ಟಿಸುತ್ತಾರೆ, ಆಮೇಲೆ ಎರಡು ದಿನ ಮೂಗಿನ ತುಂಬ ಬಟ್ಟೆ, ಒಂದು ವಾರ ಆಸ್ಪತ್ರೆವಾಸ.

ಪೆಟ್ಟು ಹೇಗೆ ಬಿತ್ತೆಂದು ಕೇಳಿದಾಗ ಭಾವ, "ನಮ್ಮನೆಯೋಳು ಒನಕೇಲಿ ವಡದ್ಬುಟ್ಳು ಸ್ವಾಮಿ, ಇವತ್ಗೂ ಕೊರಗ್ತಾಳೆ" ಅಂದರು. ಒನಕೆ ಮೇಲಿಂದ ಬರುತ್ತದೆ, ಈ ಪೆಟ್ಟು ಎದುರಿನಿಂದ ಬಿದ್ದಿದೆ ಎಂದು ಡಾಕ್ಟರು ನನ್ನ ಮುಖ ನೋಡಿದರು. ಅಲ್ಲೇ ಒಪ್ಪಿಕೊಂಡೆ. ಹಾಗೆ ಮುರಿದ ಎಲುಬಿಗೆ ಸುಡುವುದರಿಂದ ಪ್ರಯೋಜನವಿಲ್ಲ ಎಂದರು. ಕೊಯ್ಯಿಸಿಕೊಳ್ಳುತ್ತೇನೆ ಅಂದೆ.

ಬಸ್ಸು ಇಳಿದ ಮೇಲೆ ಭಾವ, "ಬೆಲ್ಲ ತಿಂದೋನು ನೀನು ಕಣ್ಲಾ, ನೀನೇ ಬರ್ದು ಯೋಳು. ನಾನು ಬಾಯಿ ಬುಡಾಕಿಲ್ಲ" ಅಂದರು.

ಮೂಗು ಕಟ್ಟಿ ನ ಎಂದರೆ ದ, ಮ ಎಂದರೆ ಬ ಬರುತ್ತದೆಂದು, 'ನಮ್ಮ' ಓದಿದರೆ 'ದಬ್ಬ' ಆಗುತ್ತದೆಂದು ಶಾಲೆ ಬಿಟ್ಟವನು ನಾನು. ನಾಮಕರಣದಲ್ಲಿ ಸೋದರಮಾವನಾದ ನಾನೇ ನಿನ್ನ ಮಗಳ ಕಿವಿಯಲ್ಲಿ ಹೆಸರು ಹೇಳಬೇಕಲ್ಲ, ಅದಕ್ಕೆ ನೀನು ನ, ಮ ಎರಡೂ ಇಲ್ಲದ 'ಗಿರಿಜೆ'ಯನ್ನು ಹುಡುಕಿಟ್ಟಿದ್ದೀಯ. ಬೇಡ. ತೀರಿಹೋದ ಅವ್ವನ ಹೆಸರೇ ಇಡು, ಸುನಂದಮ್ಮ. ಡಾಕ್ಟರು ಉಸಿರಿಗೆ ಭರವಸೆ ಕೊಟ್ಟರು, ಮಾತಿಗೆ ಕೊಡಲಿಲ್ಲ. ಸುದದ್ದಬ್ಬ ಅಂತ ಬಂದರೂ ನಾನೇ ಹೇಳುತ್ತೇನೆ.

ಇಂತಿ,
ನಿನ್ನ ತಮ್ಮ
ನಿಂಗರಾಜು

ಬರೆಯಲು ಮರೆತದ್ದು: ಅಟ್ಟದ ಮೇಲಿನ ಒನಕೆ ಇಳಿಸು. 'ಅಕ್ಕ' ಎಂಬ ಮಾತು ನನ್ನ ಬಾಯಲ್ಲಿ ಎಂದೂ ಕೆಟ್ಟಿಲ್ಲ, ಆದರೂ ಎದುರು ನಿಂತು ಇದನ್ನು ಹೇಳಲಾಗಲಿಲ್ಲ. ನಾಳೆ ಬೆಳಿಗ್ಗೆ ಮೈಸೂರಿಗೆ ಹೊರಡುತ್ತೇನೆ.