ಮುಂದೆ ಅನ್ನುವವರೆಗೆ

ಆಪಿಂಗೆದಾಮ್,
ಮಂಗಳವಾರ, ೧೫ ನವೆಂಬರ್ ೧೯೮೮

ಪ್ರೀತಿಯ ಫ್ರೌಕೆ,

ಹೇಗಿದ್ದೀ? ಇಮ್ಕೆಯ ಬೆನ್ನುನೋವು ಇಳಿಯಿತೇ? ಮೊಮ್ಮಗಳು ಹಗಲೆಲ್ಲ ಮಲಗಿ ರಾತ್ರಿ ನಿಮ್ಮನ್ನು ಕುಣಿಸುವುದನ್ನು ಬಿಟ್ಟಳೇ? ಅಳಿಯನೇ ಅಡುಗೆ ಮಾಡುತ್ತಾನೆಂದು ಬರೆದಿದ್ದೀ, ಸಂತೋಷ. ಆದರೆ ಮೂರು ಹೊತ್ತೂ ಮೀನು ಬಡಿಸಿದರೆ ಬಾಣಂತಿಗೆ ಒಗ್ಗುತ್ತದೆಯೇ ಎಂದು ಆ ನಾರ್ವೆಯವನನ್ನು ಮೆಲ್ಲಗೆ ಕೇಳು. ನಾನು ಆರೋಗ್ಯವಾಗಿದ್ದೇನೆ. ಮಂಡಿಯ ವಿಷಯ ವಿಚಾರಿಸಿದ್ದೀ. ಲುಬ್ಬರ್ಟ್ ಹೇಳುತ್ತಿದ್ದ ಹಾಗೆ, ಇದಕ್ಕಿಂತ ಕೆಡಬಹುದಿತ್ತು. ಬಟಾಣಿ ಸಾರು ನಾನೇ ಮಾಡಿಕೊಂಡೆ, ಚಮಚ ನೆಟ್ಟರೆ ನೆಟ್ಟಗೆ ನಿಲ್ಲುತ್ತದೆ, ನಿನ್ನ ತಾಯಿ ಇದ್ದಿದ್ದರೆ ಮೆಚ್ಚುತ್ತಿದ್ದರು. ಕೆಟಲ್ ಮಾತ್ರ ಮತ್ತೆ ನೀರೆಲ್ಲ ಇಂಗಿ ತಳ ಸುಟ್ಟಿತು. ಬೈಯಬೇಡ, ಹೊಸದು ತಂದಿಟ್ಟಿದ್ದೇನೆ, ಸಿಳ್ಳೆ ಹೊಡೆಯುವಂಥದ್ದೇ.

ಲುಬ್ಬರ್ಟ್ ಹೋಗಿ ಇವತ್ತಿಗೆ ಹದಿನೇಳು ದಿನ. ಫೋನಿನಲ್ಲಿ ನನಗೆ ಸರಿಯಾಗಿ ಹೇಳಲಾಗಲಿಲ್ಲ, ನೀನೂ ಅಳುತ್ತಿದ್ದೆ. ಓಲ್ಡೆವೀರ್ ಚರ್ಚಿನ ಆರ್ಗನ್ನಿಗೆ ಶ್ರುತಿ ಮಾಡುತ್ತಿದ್ದೆವು. ಶುಕ್ರವಾರ ಸಂಜೆಗೆ ಎಲ್ಲ ಸಾಲುಗಳೂ ಮುಗಿದು ಕೊನೆಯದೊಂದು ಉಳಿದಿತ್ತು, ಪೆನ್ಸಿಲಿಗಿಂತ ಸಣ್ಣ ಕೊಳವೆಗಳ ಸಾಲು. ಕೀಗಳ ಮೇಲಿನ ಮುಚ್ಚಳ ಹಾಕುತ್ತ ಅವನು, "ಉಳಿದಿದ್ದು ಸೋಮವಾರ ನೋಡ್ಕೊಳ್ಳೋಣ ಯಜಮಾನ್ರೇ, ಕೊಳವೆಗಳೇನು ಓಡಿಹೋಗಲ್ಲ" ಅಂದ. ಶನಿವಾರ ಬೆಳಿಗ್ಗೆ ಬ್ರೆಡ್ ಕೊಂಡು ಸೈಕಲ್ಲಿಗೆ ಕಟ್ಟಿ, ಬೇಕರಿಯ ಮೆಟ್ಟಿಲ ಮೇಲೆ ಕುಳಿತನಂತೆ. ಶೂ ದಾರ ಕಟ್ಟಿಕೊಳ್ಳುತ್ತಿದ್ದಾನೆ ಎಂದುಕೊಂಡಳಂತೆ ಬೇಕರಿಯವಳು. ಅಷ್ಟೇ. ಹೆಂಡತಿ ಮಕ್ಕಳಿಲ್ಲದವನು, ಸಾವಿಗೂ ಯಾರನ್ನೂ ಕರೆಯಲಿಲ್ಲ. ಮಣ್ಣು ಮಾಡಿದ ದಿನ ಅದೇ ಆರ್ಗನ್ ನುಡಿಸಿದರು. ಆ ಒಂದು ಸಾಲನ್ನು ಮುಟ್ಟಬೇಡಿ ಎಂದು ನಾನೇ ಹೇಳಿದ್ದೆ. ಆಮೇಲೆ ಕಾಫಿ, ಕೇಕು. ಜನ ಬಂದು ನನ್ನ ಕೈ ಹಿಡಿದುಕೊಂಡು, ಸಹಾಯಕ ಹೋದದ್ದು ನಿಮಗೆ ತೊಂದರೆಯಾಯಿತು ಅಂದರು. ಸಹಾಯಕ ಎಂಬ ಮಾತು ಕೇಳಿ ಮೈಯೆಲ್ಲ ಉರಿಯಿತು, ಆದರೆ ಮೂವತ್ತೊಂದು ವರ್ಷ ಊರೂರಲ್ಲಿ ಅವನನ್ನು ಹಾಗೆಂದು ಪರಿಚಯಿಸಿದವನು ನಾನೇ ಅಲ್ಲವೇ.

ನಮ್ಮ ಕೆಲಸ ನಿನಗೆ ಗೊತ್ತು. ನಾನು ಒಳಗೆ ಕೊಳವೆಗಳ ನಡುವೆ, ಅವನು ಹೊರಗೆ ಕೀಗಳ ಮುಂದೆ, ಮಧ್ಯೆ ಮರದ ಗೋಡೆ. ಅವನು ಒಂದು ಕೀ ಒತ್ತಿ ಹಿಡಿಯಬೇಕು. ಎರಡು ಕೊಳವೆ ಒಟ್ಟಿಗೆ ಉಲಿಯುತ್ತವೆ. ಅವೆರಡರ ಶ್ರುತಿ ಕೂಡದಿದ್ದರೆ ಸ್ವರ ನಡುಗುತ್ತದೆ. ಹಿತ್ತಾಳೆಯ ಶಂಕುವಿನಿಂದ ಕೊಳವೆಯ ತುದಿ ತಟ್ಟುತ್ತ ತಟ್ಟುತ್ತ ಆ ನಡುಕ ನಿಲ್ಲಿಸಿ, ನಾನು "ಮುಂದೆ" ಅನ್ನಬೇಕು, ಅವನು ಮುಂದಿನ ಕೀಗೆ ಹೋಗಬೇಕು. ದಿನಕ್ಕೆ ನೂರಾರು "ಮುಂದೆ". ಲೆಕ್ಕ ಹಾಕಿದರೆ ಅವನ ಮುಖ ನೋಡಿದ್ದು ಕಡಿಮೆಯೇ. ಗೋಡೆಯಾಚೆ ಪೆಪ್ಪರ್‌ಮಿಂಟ್ ಕಡಿಯುವ ಸದ್ದು, ಆಮೇಲೆ ಅವನ ಕೊಂಕು. "ಒಳಗೆ ನಿದ್ದೆ ಹೋದ್ರಾ ಯಜಮಾನ್ರೇ? ಕಾಫಿ ಆರ್ತಾ ಇದೆ." ನಾನು "ಬಾಯ್ಮುಚ್ಕೊಂಡು ಒತ್ತೋ" ಅನ್ನುತ್ತಿದ್ದೆ. ಈಗ ನನ್ನನ್ನು ಯಜಮಾನ ಎಂದು ಅಣಕಿಸುವವರೇ ಇಲ್ಲ. ನೀನು ಕೂಡ ಸ್ಟಾವಂಗರಿನಲ್ಲಿ ಮಗಳ ಮನೆಯಲ್ಲಿ ಕುಳಿತಿದ್ದೀ.

ಅವನಿಗೆ ಒಂದು ಕೆಟ್ಟ ಚಾಳಿ ಹತ್ತಿತ್ತು, ನಿನ್ನ ಹತ್ತಿರ ಎಷ್ಟೋ ಸಲ ದೂರಿದ್ದೇನೆ. ಸಣ್ಣ ಕೊಳವೆಗಳಿಗೆ ಬಂದಾಗ ನನ್ನ "ಮುಂದೆ"ಗೆ ಕಾಯುತ್ತಲೇ ಇರಲಿಲ್ಲ, ತಾನಾಗಿ ಮುಂದಿನ ಕೀಗೆ ಹೋಗಿಬಿಡುತ್ತಿದ್ದ. ಮೊದಲ ಸಲ ನಾನು ಒಳಗಿಂದಲೇ ಕೂಗಾಡಿದೆ, "ಇಲ್ಲಿ ಯಜಮಾನ ನೀನೋ ನಾನೋ?" ಎಂದು. "ಬೆರಳು ಜಾರ್ತು ಕಣ್ರೀ, ವಯಸ್ಸಾಯ್ತಲ್ಲ" ಅಂದ. ಆ ಬೆರಳು ಆರು ವರ್ಷ ಹಾಗೆಯೇ ಜಾರುತ್ತ ಬಂತು.

ಹೋದ ಗುರುವಾರ ಚರ್ಚಿನ ಹಿರಿಯ ಎಪ್ಪೊ ಮನೆಗೆ ಬಂದಿದ್ದ. ಇಪ್ಪತ್ತೇಳಕ್ಕೆ ಕ್ರಿಸ್‌ಮಸ್ಸಿಗೆ ಮುಂಚಿನ ಆಡ್ವೆಂಟಿನ ಮೊದಲ ಭಾನುವಾರ. ಅಷ್ಟರೊಳಗೆ ಆ ಸಾಲು ಮುಗಿಯಬೇಕು, ಇಲ್ಲವಾದರೆ ಪಟ್ಟಣದಿಂದ ಬೇರೆಯವರನ್ನು ಕರೆಸುತ್ತಾರಂತೆ. "ಒಬ್ಬನ್ನ ಕೊಡ್ತೀವಿ ಹಾರ್ಮ್, ಕೀ ಒತ್ತೋಕೇನು ವಿದ್ಯೆ ಬೇಕಾ?" ಅಂದ. ಅವನಿಗೆ ಎರಡನೆಯ ಕಾಫಿ ಕೊಡಲಿಲ್ಲ. ಅವನಿಗೂ ಕಾರಣ ತಿಳಿದಿರಬೇಕು, ಟೋಪಿ ಹಾಕಿಕೊಂಡು ಎದ್ದ. ಮಾರನೆಯ ದಿನ ನಾನೊಬ್ಬನೇ ಹೋದೆ. ಕೀ ಮೇಲೆ ಬಟ್ಟೆ ಸುತ್ತಿದ ಸೀಸದ ತುಂಡು ಇಡುವುದು, ಏಣಿ ಹತ್ತುವುದು, ಕೊಳವೆ ತಟ್ಟುವುದು, ಇಳಿದು ಬಂದು ಸೀಸವನ್ನು ಪಕ್ಕದ ಕೀಗೆ ಸರಿಸುವುದು. ಕೀಗಳ ಪಕ್ಕದಲ್ಲಿ ಅವನ ಪೆಪ್ಪರ್‌ಮಿಂಟ್ ಅರ್ಧ ಸುರುಳಿ ಹಾಗೆಯೇ ಇತ್ತು, ಕಾಗದ ಮಡಚಿಟ್ಟಿದ್ದ. ಹದಿನಾಲ್ಕು ಸಲ ಹತ್ತಿ ಇಳಿದೆ. ಆಮೇಲೆ ಒಳಗೇ ಕುಳಿತುಬಿಟ್ಟೆ. ಬೆರಳನ್ನು ಕೊಳವೆಯ ಬಾಯಿಗೆ ಹಿಡಿದಿದ್ದೆ, ಗಾಳಿ ಬರುತ್ತಲೇ ಇತ್ತು. ಸೀಸದ ತುಂಡಿಗೆ ತಾನಾಗಿ ಕೀ ಬಿಡಲು ಬರುವುದಿಲ್ಲವಲ್ಲ. ಚಳಿಗೆ ಕೊಳವೆಗಳು ಹಟ ಮಾಡುತ್ತಿವೆ ಎಂದು ಎಪ್ಪೊಗೆ ಹೇಳಿ ಬಂದೆ. ಬರುವ ಮೊದಲು ಆರ್ಗನ್ನಿನ ಒಳಬಾಗಿಲ ಮೇಲೆ, ಶ್ರುತಿ ಮಾಡಿದವರು ಹೆಸರು ಬರೆಯುವ ಜಾಗದಲ್ಲಿ, ಪೆನ್ಸಿಲಿನಿಂದ ಲುಬ್ಬರ್ಟ್ ಎಂದು ಬರೆದೆ. ಅಲ್ಲಿ ನನ್ನ ಹೆಸರು ಒಂಬತ್ತು ಸಲ ಇದೆ, ಅವನದು ಒಮ್ಮೆಯೂ ಇರಲಿಲ್ಲ.

ಭಾನುವಾರದ ಫೋನಿನಿಂದ ಮನಸ್ಸು ಸ್ವಲ್ಪ ಹಗುರಾಯಿತು. ಹಳೆಯ ಕೊಳವೆಯ ಚೂರಿನಿಂದ ಮಗುವಿಗೆಂದು ಪೀಪಿ ಮಾಡಿ ಸಾಯುವ ಮೂರು ದಿನ ಮುಂಚೆ ಅಂಚೆಗೆ ಹಾಕಿದ್ದಾನೆ ಮಹಾರಾಯ, ನನಗೊಂದು ಮಾತು ಹೇಳಿರಲಿಲ್ಲ. ಇಮ್ಕೆ "ಅಪ್ಪಾ, ಊದ್ತೀನಿ, ಕೇಳಿಸ್ಕೋ" ಅಂದಳು. ನಾನು ಕಾದು, "ಚೆನ್ನಾಗಿದೆ, ಶ್ರುತಿ ಸ್ವಲ್ಪ ಏರಿದೆ ಅಷ್ಟೆ" ಅಂದರೆ ಅವಳು, "ಅಪ್ಪಾ, ನಾನಿನ್ನೂ ಊದೇ ಇಲ್ವಲ್ಲ" ಅಂದಳು. ನೀವೆಲ್ಲ ಎಷ್ಟು ನಕ್ಕಿರಿ. ನಗಿ, ಬಾಣಂತಿ ಮನೆಯಲ್ಲಿ ನಗು ಇರಬೇಕು.

ಮಗುವಿನ ನೆತ್ತಿಗೆ ಅಜ್ಜನ ಮುತ್ತು ಕೊಡು, ಅವಳು ನೂರು ವರ್ಷ ಗಟ್ಟಿಯಾಗಿ ಅಳಲಿ, ಗಟ್ಟಿಯಾಗಿ ನಗಲಿ. ಇಮ್ಕೆ ಬೆಚ್ಚಗಿರಲಿ. ಅಳಿಯನಿಗೆ ನೆನಪು ತಿಳಿಸು, ಮೀನಿನ ಮಾತು ನಾನು ಬರೆದದ್ದೆಂದು ಹೇಳಬೇಡ.

ನಿನ್ನ,
ಹಾರ್ಮ್

ತಾ.ಕ.: ಅಂಟಿಸಿದ್ದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತು. ಫೋನಿನಲ್ಲಿ ನಾನು ತಮಾಷೆ ಮಾಡಿದ್ದಲ್ಲ ಫ್ರೌಕೆ. ಆಮೇಲೆ ಅವಳು ನಿಜಕ್ಕೂ ಊದಿದಾಗಲೂ ನನಗೆ ಏನೂ ಕೇಳಿಸಲಿಲ್ಲ. ಸಣ್ಣ ಕೊಳವೆಗಳ ಕೀರಲು ಸ್ವರಗಳು ನನ್ನ ಕಿವಿಯಿಂದ ಹೋಗಿ ಆರು ವರ್ಷವಾಯಿತು, ಕೆಟಲಿನ ಸಿಳ್ಳೆಯೂ ಹೋಯಿತು. ಲುಬ್ಬರ್ಟನ ಬೆರಳು ಜಾರುತ್ತಿರಲಿಲ್ಲ. ನಡುಕ ನಿಂತದ್ದನ್ನು ಅವನೇ ಹೊರಗಿಂದ ಕೇಳಿ ಕೀ ಬಿಡುತ್ತಿದ್ದ. ಕೊಳವೆಯ ಬಾಯಲ್ಲಿ ಗಾಳಿ ನಿಂತಾಗ ನನ್ನ ಬೆರಳಿಗೆ ತಿಳಿಯುತ್ತಿತ್ತು. ಒಂದು ದಿನವೂ ಅದರ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ, ನಿನ್ನ ಹತ್ತಿರ ಅವನನ್ನೇ ದೂರುತ್ತ ಬಂದೆ. ನಾಳೆ ಎಪ್ಪೊ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅವರು ಒಪ್ಪಿದರೆ ಆ ಸಾಲನ್ನು ಮುಗಿಸಿ ಕೆಲಸ ಬಿಡುತ್ತೇನೆ. ನಿನ್ನ ಕಿವಿ ಚೆನ್ನಾಗಿದೆ. ಇಪ್ಪತ್ನಾಲ್ಕರೊಳಗೆ ಬರಲಾಗುತ್ತದೆಯೇ? ದಪ್ಪ ಕೋಟು ತಾ, ಅಲ್ಲಿ ಕೀಗಳ ಮುಂದೆ ಚಳಿ ಹೆಚ್ಚು. ಒಂದು ಕೀ ಒತ್ತಿ ಹಿಡಿ, ನಡುಕ ನಿಂತ ಕೂಡಲೇ ಬಿಟ್ಟು ಪಕ್ಕದ್ದಕ್ಕೆ ಹೋಗು. ನಾನು "ಮುಂದೆ" ಅನ್ನುವವರೆಗೆ ಕಾಯಬೇಡ.