ಮೊದಲನೇ ನಂಬರಿನ ಓಣಿಯ ನೀರು

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಓಣಿಗೆ ತಾವು ಕೊಟ್ಟ ‘ಅತ್ಯಂತ ಸ್ವಚ್ಛ ಓಣಿ’ ಪ್ರಶಸ್ತಿಯನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ನಮಗೆ ಅದರ ಯೋಗ್ಯತೆ ಇಲ್ಲ. ತಮ್ಮ ಸಿಬ್ಬಂದಿ ಬಂದು ನೋಡಿದಾಗ ರಸ್ತೆಯ ಮೇಲೆ ಒಂದು ಕಡ್ಡಿಯೂ ಬಿದ್ದಿರಲಿಲ್ಲ ಎಂಬುದು ನಿಜ. ಆದರೆ ಆ ಹೊತ್ತಿಗೆ ಓಣಿಯ ಕಸವೆಲ್ಲ ನಮ್ಮ ಮನೆಗಳ ಒಳಗಿತ್ತು, ಗಟಾರದ ನೀರು ನಾವು ಕುಡಿಯುವ ಸಂಪಿನೊಳಗಿತ್ತು. ಆ ನೀರು ಈಗಲೂ ಅಲ್ಲೇ ಇದೆ.

ನಾನು ಪಂಚಶೀಲಾ, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಶಹಾಪುರದಿಂದ ಸುರಪುರಕ್ಕೆ ಹೋಗುವ ಹಾದಿಯಲ್ಲಿ, ತಮ್ಮ ಕಚೇರಿಯ ಸುಪರ್ದಿಗೆ ಸೇರಿದ ಹುಣಸಿಕಟ್ಟಿ ಓಣಿಯಲ್ಲಿ ನನ್ನ ಗಂಡ ಪ್ರವೀಣಕುಮಾರ ಮತ್ತು ಅತ್ತೆ ಲಾಲಮ್ಮನವರ ಜೊತೆ ವಾಸವಾಗಿದ್ದೇನೆ. ಕಳೆದ ತಿಂಗಳು ಒಂದು ಸಂಜೆ ಸುರಿದ ಮಳೆ ತಮಗೂ ನೆನಪಿರಬಹುದು. ನಮ್ಮ ಓಣಿಯ ಗಟಾರವನ್ನು ಬೇಸಿಗೆಯಿಂದಲೂ ಯಾರೂ ಬಳಿದಿರಲಿಲ್ಲ. ನೀರಿಗೆ ಮುಂದೆ ಹೋಗಲು ದಾರಿಯಿರಲಿಲ್ಲ. ಅದು ಸಭ್ಯ ಅತಿಥಿಯಂತೆ ಬಾಗಿಲಿಗೆ ಬರದೆ ಮೊದಲು ಬಚ್ಚಲಿನ ತೂತಿನಿಂದಲೇ ಮೇಲೆದ್ದು ಬಂತು, ಆಮೇಲೆ ರಸ್ತೆಯ ಕಸದೊಂದಿಗೆ ಹೊಸ್ತಿಲನ್ನೂ ದಾಟಿತು. ನೋಡನೋಡುತ್ತ ಮೊಣಕಾಲು ಮುಟ್ಟಿತು. ಜೋಳದ ಚೀಲ ನೆನೆಯಿತು, ಹಾಸಿಗೆ ತೇಲಿತು, ಸತ್ತ ಹೆಗ್ಗಣವೊಂದು ಅಡುಗೆಮನೆಗೆ ಬಂದು ಒಲೆಯ ಕಟ್ಟೆಯ ಪಕ್ಕ ನಿಂತಿತು. ಅತ್ತೆಯನ್ನು ಮಂಚದ ಮೇಲೆ ಕೂರಿಸಿ, ಮಂಚದ ಕಾಲಿಗೆ ಇಟ್ಟಂಗಿ ಕೊಟ್ಟು ನಾವಿಬ್ಬರೂ ನಿಂತೇ ಇದ್ದೆವು.

ಬೆಳಗಾಗುವಷ್ಟರಲ್ಲಿ ನೀರು ಇಳಿದಿತ್ತು. ರಭಸಕ್ಕೆ ರಸ್ತೆ ತೊಳೆದಿಟ್ಟಂತಾಗಿತ್ತು. ಪ್ಲಾಸ್ಟಿಕ್ಕು, ಕೊಳೆತ ತರಕಾರಿ, ಸಗಣಿ, ಕೋಳಿಯ ಪುಕ್ಕ, ಎಲ್ಲವನ್ನೂ ನಮ್ಮ ಹೊಸ್ತಿಲುಗಳು ಜರಡಿಯಂತೆ ಸೋಸಿ ಒಳಗೆ ಇಟ್ಟುಕೊಂಡಿದ್ದವು. ಅತ್ತೆ ಹೊರಗೆ ಬಂದು ನೋಡಿ, “ಏ ಪಂಚಶೀಲಾ, ಓಣಿ ನೋಡವ್ವ, ಮದುವಿ ಮನಿ ಅಂಗಳದಂಗ ಆಗ್ಯಾದ” ಎಂದರು.

ತಮ್ಮ ಸ್ಪರ್ಧೆಯ ಪರಿಶೀಲನಾ ತಂಡ ಬಂದದ್ದು ಅದೇ ಹೊತ್ತಿಗೆ. ಮೊಬೈಲು ಹಿಡಿದು ರಸ್ತೆಯ ಫೋಟೋ ತೆಗೆದರು. ಬಹಳ ಖುಷಿಪಟ್ಟರು. ಕೈಯಲ್ಲಿ ಕಸಬರಿಗೆ ಹಿಡಿದಿದ್ದ ನಾನು, “ಒಳಗ ಬರ್ರಿ ಸರ್, ಒಂದು ಫೋಟೋ ಇಲ್ಲಿಂದೂ ತಗೊಳ್ರಿ” ಎಂದೆ. ತಂಡದ ಮುಖ್ಯಸ್ಥರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು, “ಮನಿ ಒಳಗಿಂದು ನಮಗ ಸಂಬಂಧ ಬರಂಗಿಲ್ರಿ ಮೇಡಂ. ನಮ್ದು ಬರೇ ರಸ್ತಾ” ಎಂದು ಹೇಳಿ ಹೊರಟುಹೋದರು. ಕರವಸ್ತ್ರ ಯಾಕೆ ಹಿಡಿದಿದ್ದರೆಂದು ತಾವೇ ಅವರನ್ನು ಕೇಳಬೇಕು.

ನಾವು ಮನೆ ತೊಳೆದೆವು, ಫಿನಾಯಿಲು ಹಾಕಿದೆವು, ಹಾಸಿಗೆ ಬಿಸಾಡಿದೆವು. ಸಂಪಿನ ಮುಚ್ಚಳ ಮುಚ್ಚಿಯೇ ಇತ್ತು, ನಳದಲ್ಲಿ ನೀರು ತಿಳಿಯಾಗಿಯೇ ಬರುತ್ತಿತ್ತು. ತಿಳಿ ನೀರನ್ನು ಯಾರು ಅನುಮಾನಿಸುತ್ತಾರೆ? ಅತ್ತೆ ಕುಡಿದರು. ಪಕ್ಕದ ಮನೆಯ ಸರ್ವರಬೇಗಂ ಕುಡಿದರು, ಅವರ ಬಸುರಿ ಸೊಸೆ ಉಮೆಸಲ್ಮಾ ಕುಡಿದಳು. ಎರಡು ದಿನಕ್ಕೆ ಅತ್ತೆಗೂ ಉಮೆಸಲ್ಮಾಳಿಗೂ ವಾಂತಿ ಭೇದಿ ಹತ್ತಿತು. ಸದಾ ಒಂದು ಮಾತು ಹೆಚ್ಚೇ ಆಡುವ ಅತ್ತೆ ಮಾತು ನಿಲ್ಲಿಸಿದಾಗ ನನ್ನ ಜೀವ ಹಾರಿಹೋಯಿತು. ಇಬ್ಬರನ್ನೂ ಒಂದೇ ಗಾಡಿಯಲ್ಲಿ ಮಲಗಿಸಿಕೊಂಡು ಯಾದಗಿರಿಗೆ ಓಡಿದೆವು. ಸಲಾಯಿನ್ ಏರಿಸಿದ ಡಾಕ್ಟರು ಮೊದಲು ಕೇಳಿದ್ದೇ, “ಮನ್ಯಾಗ ಗಟಾರದ ನೀರು ಹೊಕ್ಕಿತ್ತೇನ್ರಿ?” ಎಂದು. ಸಂಪಿನ ಗೋಡೆ ಬಿರುಕು ಬಿಟ್ಟರೆ ಸಾಕು, ಮುಚ್ಚಳ ಮುಚ್ಚಿದ್ದರೂ ಮಲದ ಬ್ಯಾಕ್ಟೀರಿಯಾ ಒಳಗೆ ಸೇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಸಂಪು ಖಾಲಿ ಮಾಡಿ ಬ್ಲೀಚಿಂಗ್ ಪೌಡರಿನಿಂದ ತೊಳೆಯುವ ತನಕ ನೀರು ಕುದಿಸಿಯೇ ಕುಡಿಯಬೇಕು ಎಂದು ತಿಳಿಸಿ ಹೇಳಿದರು. ಬಸುರಿಗೆ ಇನ್ನೊಂದಿಷ್ಟು ತಡವಾಗಿದ್ದರೆ ಹೊಟ್ಟೆಯ ಕೂಸಿಗೆ ಅಪಾಯವಿತ್ತು ಎಂದೂ ಹೇಳಿದರು. ಹೊರಗೆ ಬೆಂಚಿನ ಮೇಲೆ ಸರ್ವರಬೇಗಂ ನನ್ನ ಕೈ ಹಿಡಿದು ಕೂತಿದ್ದರು.

ಮರುದಿನ ತಮ್ಮ ಕಚೇರಿಗೆ ಬಂದೆ. ಓಣಿಯ ಸಂಪುಗಳನ್ನು ಶುದ್ಧ ಮಾಡಿಸಿ, ನೀರು ಪರೀಕ್ಷೆ ಮಾಡಿಸಿ, ಗಟಾರದೊಳಗಿಂದಲೇ ಹಾದುಬರುವ ನಳದ ಪೈಪನ್ನು ಬೇರೆ ಕಡೆ ಹಾಕಿಸಿ ಎಂದು ಕೇಳಿದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಗುಮಾಸ್ತರು ನನ್ನ ಓಣಿಯ ಹೆಸರು ಕೇಳುತ್ತಲೇ ಎದ್ದು ನಿಂತು ಕೈ ಕುಲುಕಿದರು.

“ಮುಬಾರಕ್ ಮೇಡಂ! ನಿಮ್ಮ ಓಣಿ ಮೊದಲನೇ ನಂಬರ ಬಂದದ.”

“ನಮ್ಮ ಓಣ್ಯಾಗ ಮಂದಿ ದವಾಖಾನಿ ಸೇರ್ಯಾರ್ರಿ” ಎಂದೆ.

“ಈಗ ಹೊಲಸು ಅದ ಅಂತ ನಿಮ್ಮ ಅರ್ಜಿ ತಗೊಂಡ್ರ ನಾವು ಸಿಕ್ಕಿ ಬೀಳ್ತೀವ್ರಿ. ಫಂಕ್ಷನ್ ಮುಗೀಲಿ, ಆಮ್ಯಾಲ ಬೇಕಾದಷ್ಟು ಹೊಲಸಾಗ್ರಿ.”

ಮಾನ್ಯರೇ, ಬ್ಯಾಕ್ಟೀರಿಯಾಗಳು ತಮ್ಮ ಸಮಾರಂಭದ ದಿನಾಂಕ ನೋಡಿಕೊಂಡು ಬೆಳೆಯುತ್ತವೆಯೇ? ಸ್ವಚ್ಛವೆಂದು ಆದೇಶವಾದ ಓಣಿಯಲ್ಲಿ ಅವು ನಾಚಿಕೊಂಡು ಸಾಯುತ್ತವೆಯೇ?

ಸಮಾರಂಭದ ಮುಂಜಾನೆ ಬ್ಲೀಚಿಂಗ್ ಪೌಡರು ಬಂತು, ಚೀಲಗಟ್ಟಲೆ. ನಮ್ಮ ಕಣ್ಣಲ್ಲಿ ನೀರು ಬಂತು. ಆದರೆ ಅದನ್ನು ಸಂಪಿಗೆ ಹಾಕಲಿಲ್ಲ. ತಮ್ಮ ಜೀಪು ಬರುವ ರಸ್ತೆಯ ಎರಡೂ ಅಂಚಿಗೆ ರಂಗೋಲಿಯಂತೆ ಗೆರೆ ಎಳೆದರು. ಸರ್ವರಬೇಗಂ ಮೊರ ತಂದು ಆ ಗೆರೆಯನ್ನು ಬಳಿದುಕೊಳ್ಳತೊಡಗಿದರು. ಒಬ್ಬ ಸಿಬ್ಬಂದಿ ಓಡಿ ಬಂದ.

“ಏ ಆಪಾ, ಅದನ್ನ ಮುಟ್ಟಬ್ಯಾಡ್ರಿ! ಅದು ಸಾಹೇಬ್ರಿಗೆ ಹಾಕಿದ್ದು!”

“ನಿಮ್ಮ ಸಾಹೇಬರು ರಸ್ತಾದ ಮ್ಯಾಲ ಬಾಯಿ ಹಚ್ಚಿ ನೀರು ಕುಡೀತಾರೇನಪಾ?” ಎಂದು ಕೇಳಿದ ಸರ್ವರಬೇಗಂ ಮೊರ ಬಿಡಲಿಲ್ಲ. ಆತ ಒಂದು ಕಡೆ ಎಳೆದ, ಇವರು ಇನ್ನೊಂದು ಕಡೆ. ಪೌಡರೆಲ್ಲ ಗಾಳಿಗೆ ಹಾರಿ ಇಬ್ಬರೂ ಸೀನುತ್ತ ನಿಂತರು. ಅಷ್ಟರಲ್ಲಿ ತಮ್ಮ ಜೀಪು ಬಂತು.

ಮುಂದಿನದು ತಮಗೆ ಗೊತ್ತೇ ಇದೆ, ಆದರೂ ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿರುವುದರಿಂದ ಅದರ ಓದುಗರಿಗಾಗಿ ಬರೆಯುತ್ತೇನೆ. ಶುಚಿತ್ವದ ಮೇಲೆ ತಾವು ದೀರ್ಘವಾಗಿ ಮಾತಾಡಿದಿರಿ. ಓಣಿಯಲ್ಲಿ ಓದಿದವಳೆಂದು ನನ್ನನ್ನೇ ವೇದಿಕೆಗೆ ಕರೆದು ಶಾಲು ಹೊದಿಸಿದಿರಿ. ಹಿಂದಿನ ದಿನವಷ್ಟೇ ದವಾಖಾನೆಯಿಂದ ಬಂದಿದ್ದ ನನ್ನ ಅತ್ತೆ, ಮನೆಗೆ ಬಂದವರಿಗೆ ನೀರು ಕೊಡದಿದ್ದರೆ ಹೇಗೆಂದು ತಂಬಿಗೆ ಹಿಡಿದು ಮೆಲ್ಲಗೆ ವೇದಿಕೆ ಹತ್ತಿದರು.

“ಸಾಹೇಬ್ರ, ಬಿಸಲಾಗ ಬಂದೀರಿ. ನೀರು ಕುಡೀರಿ.”

ತಾವು ತಂಬಿಗೆಯೊಳಗೆ ಇಣುಕಿದಿರಿ. ಅತ್ತೆಯ ಮುಖ ನೋಡಿದಿರಿ. “ಇವತ್ತ ನಂದು ಉಪವಾಸ ಅದವ್ವ” ಎಂದಿರಿ.

“ಮೊದಲನೇ ನಂಬರ ಓಣಿ ಅಂತ ಈಗರ ಹೇಳಿದ್ರಿ. ಮೊದಲನೇ ನಂಬರ ನೀರು ಯಾಕ ಒಲ್ಲೆ ಅಂತೀರಿ?”

ಮೈಕು ಚಾಲೂ ಇತ್ತು. ಓಣಿಗೆಲ್ಲ ಕೇಳಿಸಿತು. ಯಾರೋ ಅವಸರದಲ್ಲಿ ಹಾಡು ಹಚ್ಚಿದರು. ಉಪವಾಸದಲ್ಲಿದ್ದ ತಾವು ಆಮೇಲೆ ಶಾಮಿಯಾನಾದ ಹಿಂದೆ ಮಿರ್ಚಿ ಭಜಿ ತಿಂದಿರಿ, ಹಸಿ ಕೊಬ್ಬರಿ ಚಟ್ನಿಯನ್ನು ಎರಡನೇ ಸಲ ಹಾಕಿಸಿಕೊಂಡಿರಿ.

ಇಲ್ಲಿ ಒಂದು ವಿಷಯ ತಮಗೆ ತಿಳಿಯಬೇಕು. ಅತ್ತೆಯ ತಂಬಿಗೆಯಲ್ಲಿದ್ದದ್ದು ನಾನು ಕುದಿಸಿ ಆರಿಸಿದ್ದ ನೀರು. ಆ ಹೊತ್ತಿಗೆ ಇಡೀ ಓಣಿಯಲ್ಲಿ ನಂಬಿ ಕುಡಿಯಬಹುದಾದ ನೀರು ಅದೊಂದೇ ಇತ್ತು. ಚಟ್ನಿಗೆ ಮಾತ್ರ ತಮ್ಮ ಅಡುಗೆಯವರು ಸರ್ವರಬೇಗಂ ಅವರ ನಳದಿಂದ ಹಸಿ ನೀರು ಹಿಡಿದಿದ್ದರಂತೆ. “ಬ್ಯಾಡ್ರೀ, ನೀರು ಕೆಟ್ಟದ” ಎಂದು ಆಕೆ ಕೂಗಿದರೂ, “ಬಹುಮಾನ ಬಂದ ಓಣಿ ನೀರಿಗೆ ಏನಾಗ್ತದ ಬಿಡ್ರಿ” ಎಂದು ನಕ್ಕರಂತೆ. ನನಗೆ ಇದು ಗೊತ್ತಾದದ್ದು ತಮ್ಮ ಜೀಪು ಹೋದ ಮೇಲೆ.

ಅದಾಗಿ ಮತ್ತೆ ನಾನು ಅರ್ಜಿ ಹಿಡಿದು ಬಂದಾಗ ಗುಮಾಸ್ತರು ಕೈ ಕುಲುಕಲಿಲ್ಲ. “ಸಾಹೇಬರು ರಜಾದಾಗ ಹೋಗ್ಯಾರ. ಹೊಟ್ಟಿ ಭಾಳ ಕೆಟ್ಟದ” ಎಂದು ದನಿ ತಗ್ಗಿಸಿ ಹೇಳಿದರು. ಗುಮಾಸ್ತರೂ ಪದೇ ಪದೇ ಎದ್ದು ಹೋಗಿ ಬರುತ್ತಿದ್ದರು. ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. “ಆ ನೋವು ನನಗ ಗೊತ್ತದವ್ವ. ಯಾರಿಗೂ ಬರಬಾರದು” ಎಂದರು.

ಆದ್ದರಿಂದ ಮಾನ್ಯರೇ, ನಮ್ಮ ದೂರಿಗೆ ಈಗ ಪುರಾವೆ ಬೇಕಿಲ್ಲ, ತಾವೇ ಸಾಕ್ಷಿ. ರಜೆ ಮುಗಿಸಿ ಬಂದ ದಿನವೇ ಗಟಾರ ಬಳಿಸಿ. ನಳದ ಪೈಪನ್ನು ಅದರೊಳಗಿಂದ ಹೊರಗೆ ತೆಗೆಸಿ. ಪ್ರತಿ ಮನೆಯ ಸಂಪು ಖಾಲಿ ಮಾಡಿಸಿ, ಪೌಡರು ರಸ್ತೆಗಲ್ಲ, ಸಂಪಿಗೆ ಹಾಕಿಸಿ. ನೀರು ಪರೀಕ್ಷೆಯಾಗಿ ಸರಿಯಿದೆ ಎಂದು ಗೊತ್ತಾಗುವ ತನಕ ಟ್ಯಾಂಕರಿನಲ್ಲಿ ಶುದ್ಧ ನೀರು ಕಳಿಸಿ. ಉಮೆಸಲ್ಮಾಳಿಗೆ ದಿನ ತುಂಬುತ್ತಿವೆ. ಹುಟ್ಟುವ ಕೂಸಿನ ಮೊದಲ ಸ್ನಾನಕ್ಕೆ ಯಾವ ನೀರು ಹಾಕಬೇಕೆಂದು ಅವಳು ದಿನಾ ನನ್ನನ್ನು ಕೇಳುತ್ತಾಳೆ. ಪ್ರಶ್ನೆ ನಿಜವಾಗಿ ತಮ್ಮದು, ಉತ್ತರ ಕೊಡಿ.

ಇಂತಿ,
ತಮ್ಮ ಹೊಟ್ಟೆ ಬೇಗ ಸುಧಾರಿಸಲೆಂದು ಮನಸಾರೆ ಹಾರೈಸುತ್ತ, ಒಲೆಯ ಮುಂದೆ ನೀರು ಕುದಿಯುವುದನ್ನು ಕಾಯುತ್ತಿರುವ
ಪಂಚಶೀಲಾ
ಹುಣಸಿಕಟ್ಟಿ ಓಣಿ