ನೀನು ಗಣಿ ಕಂಡದ್ದು ಯಾವಾಗ, ಮಾಮ?

ಬಸಣ್ಣ ಮಾಮ,

ಎಲ್ಲಿದ್ದೀ, ಹೇಗಿದ್ದೀ ಎಂದು ಕೇಳುವಷ್ಟು ಸಹನೆ ನನಗಿಲ್ಲ. ನೀನು ಕಣ್ಣು ಮುಚ್ಚಿ ನಾಲ್ಕು ತಿಂಗಳಾಯಿತು. ಮೂರು ತಿಂಗಳು ಬರೀ ಅಳು, ಈ ಒಂದು ತಿಂಗಳಿಂದ ಬರೀ ಸಿಟ್ಟು. ಕಾರಣ ನಿನ್ನ ಆಸ್ಪತ್ರೆಯ ಚೀಟಿ. ಎಕ್ಸ್‌ರೇ ಕವರಿನೊಳಗೆ ನಾಲ್ಕಾಗಿ ಮಡಚಿಟ್ಟಿದ್ದೆಯಲ್ಲ, ಅದೇ. ಹೆಸರು, ವಯಸ್ಸು, ಊರು ಕೊಟ್ಟೂರು, ಎಲ್ಲ ಸರಿ. ಕೆಲಸ ಎಂಬಲ್ಲಿ ಮಾತ್ರ ಡಾಕ್ಟರು "ಗಣಿ ಕೂಲಿ, ಹದಿನೆಂಟು ವರ್ಷ" ಎಂದು ಬರೆದಿದ್ದಾರೆ. ಅದರ ಕೆಳಗೆ, ಧೂಳಿನಿಂದ ಶ್ವಾಸಕೋಶ ಹಾಳಾಗಿದೆ ಎಂದು. ನೀನು ಗಣಿ ಕಂಡದ್ದು ಯಾವಾಗ, ಮಾಮ? ಸಂಡೂರಿಗೆ ಹೋಗಿದ್ದರೆ ಯಾರದೋ ಮದುವೆ ಊಟಕ್ಕೆ ಹೋಗಿರಬೇಕು. ಹದಿನೆಂಟು ವರ್ಷವೂ ನೀನು ಕೂತದ್ದು ಖಾದರಣ್ಣನ ಟೈಲರ್ ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ, ಜನರಿಗೆ ಹಲ್ಲು ಮಾಡುತ್ತ.

ಪಿಯುಸಿ ಮುಗಿಸಿ ಗುಡೇಕೋಟೆಯಿಂದ ಆ ಕೋಣೆಗೆ ಬಂದ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಹಗರಿಬೊಮ್ಮನಹಳ್ಳಿಯ ಹಲ್ಲಿನ ಡಾಕ್ಟರು ಕಳಿಸಿದ ಅಚ್ಚು ಇಟ್ಟುಕೊಂಡು ನೀನು ಒಬ್ಬ ಅಜ್ಜಿಗೆ ಎರಡು ಮುಂದಿನ ಹಲ್ಲು ಮಾಡುತ್ತಿದ್ದೆ. ಬೆಳ್ಳಗೆ ಹೊಳೆಯುತ್ತಿದ್ದ ಹಲ್ಲಿನ ಮೇಲೆ ಸಣ್ಣ ಕುಂಚದಿಂದ ಕಂದು ಗೆರೆ ಎಳೆದೆ. ಹೊಸ ಹಲ್ಲಿಗೆ ಯಾಕೆ ಕೊಳೆ ಹಚ್ಚುತ್ತೀ ಎಂದು ನಾನು ಕೇಳಿದ್ದಕ್ಕೆ ನೀನು ನಕ್ಕೆ. "ಲೇ ಗಂಗಿ, ನಮ್ ಕಡಿ ಬೋರಿನ ನೀರು ಕುಡ್ದೋರ ಹಲ್ಲು ಹಿಂಗ ಇರ್ತಾವ. ಬೆಳ್ಳನ್ನವು ಹಾಕಿದ್ರ ಆ ಎರಡೇ ಎದ್ದು ಕಾಣ್ತಾವ. ಆಮ್ಯಾಲ ಆಯಮ್ಮ ನಗೂದೇ ಬಿಡ್ತಾಳ." ಆ ಒಂದು ಮಾತಿಗೆ ನಾನು ಈ ಕಸುಬಿಗೆ ಬಿದ್ದೆ. ಎರಡು ವರ್ಷದ ಡೆಂಟಲ್ ಮೆಕ್ಯಾನಿಕ್ ಡಿಪ್ಲೊಮಾಕ್ಕೆ ಸೇರುತ್ತೇನೆಂದು ಹಟ ಹಿಡಿದದ್ದೂ ಅದಕ್ಕೇ.

ಅವತ್ತೇ ನೀನು ಧೂಳು ಊದುವುದನ್ನೂ ಕಲಿಸಿದೆ. ಹಲ್ಲಿನ ಮೇಲೆ ಕೂರಿಸುವ ಮೆಟಲ್ ಕ್ಯಾಪನ್ನು ತಿರುಗುವ ಕಲ್ಲಿಗೆ ಹಿಡಿದು ಎರಡು ಸುತ್ತು ಉಜ್ಜುವುದು, ಕಣ್ಣಿನ ಹತ್ತಿರ ತಂದು ಉಫ್ ಎಂದು ಪುಡಿ ಹಾರಿಸುವುದು, ನೋಡುವುದು, ಮತ್ತೆ ಉಜ್ಜುವುದು. ದಿನಕ್ಕೆ ಎಷ್ಟು ಸಲವೋ ಏನೋ. ಆ ಪುಡಿ ನಿನ್ನ ಹುಬ್ಬಿನ ಮೇಲೆ, ಬನಿಯನ್ನಿನ ಮೇಲೆ, ಕೊನೆಗೆ ಮಂಡಕ್ಕಿ-ಮಿರ್ಚಿ ಪೊಟ್ಟಣದ ಮೇಲೂ ಕೂರುತ್ತಿತ್ತು. ಮಿರ್ಚಿಯನ್ನೂ ನೀನು ಒಮ್ಮೆ ಊದಿಯೇ ಬಾಯಿಗಿಡುತ್ತಿದ್ದೆ. ನನಗೆ ಅದು ನಗು ತರಿಸುತ್ತಿತ್ತು. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಕಾಲೇಜಿನ ಮೊದಲ ರಜೆಗೆ ಬರುವಾಗ ನಿನಗೆಂದೇ ಮಾಸ್ಕ್ ತಂದಿದ್ದೆ. "ಕಾಲೇಜಿನಾಗ ಧೂಳು ಎಳ್ಕೊಳ್ಳೋ ಮಷಿನ್ ಐತಿ ಮಾಮ, ಬಾಯಿಂದ ಊದಿದ್ರ ಮೇಡಂ ಬೈತಾರ" ಎಂದು ನಾನು ಹೇಳಿದರೆ ನೀನು ಏನಂದೆ? "ಮೂಗಿಗಿ ಅರಿವಿ ಕಟ್ಕೊಂಡು ಕುಂದ್ರಾಕ ನಾನೇನು ಆಪರೇಷನ್ ಡಾಕ್ಟ್ರೇನಲೇ?" ಪಕ್ಕದಲ್ಲಿ ಖಾದರಣ್ಣನೂ ನಕ್ಕರು. ನಾಚಿಕೆಯಾಗಿ ನನ್ನ ಮಾಸ್ಕನ್ನೂ ಬ್ಯಾಗಿಗೆ ತುರುಕಿದೆ. ರಜೆ ಪೂರ್ತಿ ನಿನ್ನ ಪಕ್ಕ ಕೂತು ಊದಿದ್ದೇ ಊದಿದ್ದು. ಚಾಳಿ ಹಾಗೇ ಅಂಟಿತು.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ನನ್ನ ಮೇಜಿನ ಮುಂದೆ ನಿಂತಿದ್ದರು. ನಾನು ಮಾಸ್ಕ್ ಕೆಳಗೆ ಜಾರಿಸಿ, ಅವರೆದುರೇ ಉಫ್ ಎಂದೆ. ಅವರು ಕ್ಯಾಪ್ ಕಡೆ ನೋಡಲೂ ಇಲ್ಲ. "ಯಾರಮ್ಮ ನಿನಗೆ ಇದನ್ನ ಕಲಿಸಿದ್ದು?" ಎಂದರು. ನಮ್ಮ ಮಾಮ ಎಂದು ಹೆಮ್ಮೆಯಿಂದ ಹೇಳಿದೆ, ದಡ್ಡಿ. ಫೇಲಾದೆ. ಅಳುತ್ತ ಫೋನ್ ಮಾಡಿದರೆ ಆ ಕಡೆಯಿಂದ ಬರೀ ಕೆಮ್ಮು. "ದಮ್ಮು ಲೇ, ಚಳಿಗಿ ಜಾಸ್ತಿ ಆಗೈತಿ. ಮತ್ತ ಪರೀಕ್ಷಿ ಕಟ್ಟಿದ್ರಾತು ಬಿಡು." ದಮ್ಮು! ಚೀಟಿಯ ತಾರೀಖು ನೋಡಿದ್ದೇನೆ ಮಾಮ. ನಾನು ಎರಡನೇ ವರ್ಷಕ್ಕೆ ಕಾಲಿಟ್ಟ ವಾರದ್ದು. ಆಗಿನಿಂದ ನಿನಗೆ ಎಲ್ಲ ಗೊತ್ತಿತ್ತು.

ಆ ವರ್ಷದ ರಜೆಗಳಲ್ಲಿ ನೀನು ನನಗೆ ಉಜ್ಜುವ ಕೆಲಸವನ್ನೇ ಕೊಡಲಿಲ್ಲ. "ನಿನ್ನ ಕೈ ಇನ್ನೂ ಪಳಗಿಲ್ಲ. ಬಾಗ್ಲ ಹತ್ರ ಗಾಳಿಗಿ ಕುಂತು ಮೇಣದ ಕೆಲ್ಸ ಮಾಡು" ಎಂದೆ. ನನ್ನ ಕೈ ಮೇಲೆ ನಂಬಿಕೆಯಿಲ್ಲವೆಂದು ಎಷ್ಟು ನೊಂದುಕೊಂಡೆ ಗೊತ್ತಾ? ಮೊನ್ನೆ ಖಾದರಣ್ಣನನ್ನು ಹಿಡಿದು ಕೇಳಿದೆ, ಆಸ್ಪತ್ರೆಗೆ ಜೊತೆಗೆ ಬಂದವರು ಅವರೇ ಅಲ್ಲವೇ. "ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಸಿಕೊಂಡಿದ್ನವ್ವ. ‘ಹಲ್ಲಿನ ಕೆಲ್ಸದಿಂದ ಅಂತ ಬರಸಿದ್ರ ನಮ್ಮಕ್ಕ ಹೆದ್ರಿ ಗಂಗಿ ಓದು ಬಿಡಸ್ತಾಳ, ಅದಕ್ಕ ಗಣಿ ಅಂದ್ಬಿಟ್ಟೆ’ ಅಂದ" ಎಂದರು. ಹಾಗಾದರೆ ನನ್ನ ಓದು ಉಳಿಸಿದ್ದು ನೀನು! ಯಾರು ಕೇಳಿದ್ದರು? ಕೋಣೆ ಒಂದೇ ಅಲ್ಲವಾ ಮಾಮ, ಬಾಗಿಲ ಹತ್ತಿರ ಕೂತರೆ ಧೂಳು ಅಲ್ಲಿಗೆ ಬರುವುದಿಲ್ಲವಾ? ಮಾಸ್ಕ್ ಹಾಕ್ಕೋ ಎಂದು ಒಂದು ದಿನ ಹೇಳಿದ್ದರೆ ನಾನು ಯಾಕೆ ಎಂದು ಕೇಳುತ್ತಿದ್ದೆ. ಆ ಒಂದು ಪ್ರಶ್ನೆಗೆ ಹೆದರಿ ನೀನು...

ಹೋದ ವಾರ ಅದೇ ಡಾಕ್ಟರ ಹತ್ತಿರ ನನ್ನ ಎದೆ ತೋರಿಸಲು ಹೋದೆ. ಹದಿನೈದು ದಿನದಿಂದ ಕೆಮ್ಮು ಬಿಟ್ಟಿರಲಿಲ್ಲ, ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಏನು ಕೆಲಸ ಎಂದರು. ಹಲ್ಲು ಮಾಡ್ತೀನ್ರಿ, ಬಾಯಿಂದ ಧೂಳು ಊದ್ತಿದ್ದೆ ಎಂದು ಇದ್ದದ್ದು ಇದ್ದ ಹಾಗೆ ಬರೆಸಿದೆ. ಎಕ್ಸ್‌ರೇಯಲ್ಲಿ ಸದ್ಯಕ್ಕೆ ಏನೂ ಇಲ್ಲವಂತೆ, ವರ್ಷಕ್ಕೊಮ್ಮೆ ತೆಗೆಸಬೇಕಂತೆ. ಆಮೇಲೆ ನಿನ್ನ ಚೀಟಿ ಮುಂದಿಟ್ಟೆ. "ಧೂಳಿನ ಕೆಲಸ ಇವತ್ತೇ ಬಿಡಿ ಅಂದಿದ್ದೆನಮ್ಮ. ಗಣಿ ಬಿಟ್ಟು ಆರು ತಿಂಗಳಾಯ್ತು ಅಂದರಲ್ಲ ನಿಮ್ಮ ಮಾಮ" ಎಂದರು. ಹಾಗೆ ಹೇಳಿ ನೀನು ಸೀದಾ ಬಸ್ ಹತ್ತಿ ಬಂದು ಮತ್ತೆ ಕಲ್ಲಿನ ಮುಂದೆ ಕೂತೆ.

ಎರಡನೇ ಸಲ ಕಟ್ಟಿ ಪಾಸಾಗಿದ್ದೇನೆ. ನಿನ್ನ ಕೋಣೆಯನ್ನೇ ತೆರೆದಿದ್ದೇನೆ, ಧೂಳು ಎಳೆಯುವ ಮಷಿನ್ ಕೂರಿಸಿದ್ದೇನೆ. ಅಲ್ಲಿ ಇನ್ನು ಯಾರೂ ಬಾಯಿಂದ ಊದುವುದಿಲ್ಲ, ಇದು ನನ್ನ ಮಾತು. ಆದರೆ ನಿನಗೆ ಹೇಳಬೇಕಾದ ಸುದ್ದಿ ಇದಲ್ಲ. ನಿನ್ನೆ ಊರಿಗೆ ಹೋಗಿ ಅವ್ವನಿಗೆ ಎಲ್ಲ ಹೇಳಿಬಿಟ್ಟೆ. ಶೇಂಗಾ ಸುಲಿಯುತ್ತ ಕೂತಿದ್ದಳು. "ಗೊತ್ತಾಗಿದ್ರ ಖರೇನ ನನ್ನ ಓದು ಬಿಡಸ್ತಿದ್ದೇನವ್ವ?" ಎಂದು ಕೇಳಿದೆ.

"ಬಿಡಸ್ತಿದ್ದೆ" ಎಂದಳು. ಇನ್ನೂ ನಾಲ್ಕು ಕಾಯಿ ಸುಲಿದಳು. "ಮೊದ್ಲು ನನ್ನ ತಮ್ಮಗ ಆ ಕೆಲ್ಸ ಬಿಡಸ್ತಿದ್ದೆ. ರಟ್ಟಿ ಹಿಡ್ದು ಎಳ್ಕೊಂಡು ಬರ್ತಿದ್ದೆ."